ಅಪ್‌ಡೇಟ್: ಮುಲು ಪಿನಾಕಲ್ಸ್ ಹತ್ತಿ ಬಂದೆವು

ಮಲೇಷ್ಯಾದ ಗುನುಂಗ್ ಮುಲು ನ್ಯಾಷನಲ್ ಪಾರ್ಕ್‌ನ ಪಿನಾಕಲ್ಸ್ (ಚೂಪಾದ ಸುಣ್ಣದ ಕಲ್ಲಿನ ಮೊನೆಗಳು) ಟ್ರೆಕ್‌ಗೆ ಕುಮಾರ ಪರ್ವತ ಹತ್ತಿದ ಅನುಭವ ಸಾಕಾ ಅಂತ ಕೇಳಿದ್ದೆ. ದಮ್ಮಿನ ಮಟ್ಟಿಗೆ ಸಾಕು. ಆದರೆ ಇಲ್ಲಿ ಕೈಗೂ ಕಾಲಿನಷ್ಟೇ ಕೆಲಸ.

ಮೊದಲ ದಿನ ಸುಲಭ. ಮೆಲಿನಾವ್ ನದಿಯಲ್ಲಿ ದೋಣಿ, ಆಮೇಲೆ ರಾತ್ರಿ ತಂಗುವ ಕ್ಯಾಂಪ್ 5ರವರೆಗೆ ಸಮತಟ್ಟಾದ ಕಾಡುದಾರಿ. ಜಿಗಣೆ ಇವೆ, ಅದು ನಮಗೇನು ಹೊಸದಲ್ಲ ಅಲ್ವಾ.

ಎರಡನೇ ದಿನವೇ ನಿಜವಾದ ಪರೀಕ್ಷೆ. ದಾರಿ ಬರೀ 2.4 ಕಿ.ಮೀ., ಏರು ಮಾತ್ರ ಸುಮಾರು 1,200 ಮೀಟರ್. ಸುಣ್ಣದ ಕಲ್ಲನ್ನು ಮಳೆನೀರು ಕರಗಿಸಿ ಚಾಕುವಿನಂತೆ ಚೂಪು ಮಾಡಿದೆ. ಗ್ಲೌಸ್ ಹಾಕಿ ಅಂದವರಿಗೆ ದೊಡ್ಡ ಥ್ಯಾಂಕ್ಸ್! ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಳಿದುಹೋಗುತ್ತದೆ, ದಾರಿಯಲ್ಲಿ ತೊರೆ ಸಿಗೋದಿಲ್ಲ. ನೀರು ಜಾಸ್ತಿಯೇ ಹೊರಬೇಕು. ಕೊನೆಯಲ್ಲಿ ಏಣಿ, ಹಗ್ಗ. ಅಲ್ಲೇ ಕೀಟ ಹಿಡಿಯುವ ಹೂಜಿಗಿಡಗಳೂ (ಪಿಚರ್ ಪ್ಲಾಂಟ್) ಕಾಣುತ್ತವೆ. ಮೇಲೆ ನಿಂತರೆ ಹಸಿರು ಕಾಡನ್ನು ಸೀಳಿಕೊಂಡು ಎದ್ದ ಬೂದು ಕಲ್ಲಿನ ಮೊನೆಗಳು, ಕೆಲವು 45 ಮೀಟರ್‌ವರೆಗೆ. ಇಷ್ಟು ಚೆಂದದ ಜಾಗ ನಾನು ನೋಡಿಲ್ಲ.

ಇಳಿಯೋದು ಹತ್ತೋದಕ್ಕಿಂತ ಕಷ್ಟ. ಮಂಡಿ ನೋವಿದ್ದವರು ಯೋಚಿಸಿ ಹೊರಡಿ. ಗೈಡ್ ಕಡ್ಡಾಯ. ನಿಧಾನವಾದವರನ್ನು ಅರ್ಧದಾರಿಯಲ್ಲೇ ವಾಪಸ್ ಕಳಿಸುತ್ತಾರೆ. ಅದು ಸರಿ ಅಂತಲೇ ನನಗನಿಸಿತು, ಕತ್ತಲಲ್ಲಿ ಆ ಕಲ್ಲಿನ ಮೇಲೆ ಇಳಿಯೋಕೆ ಆಗೋದಿಲ್ಲ.