ಭಾರ ಬಿದ್ದ ಕೂಡ್ಲೇ ವೋಲ್ಟೇಜ್ ಸೊನ್ನೆ: ಕಾರ್ಬನ್ ಫೈಬರ್ ಸೂಪರ್‌ಕೆಪಾಸಿಟರ್ ಪಟ್ಟಿ

ಕೊಪ್ಪಳ_ಲ್ಯಾಮಿನೇಟ್:
ಭಾರ ಹೊರೋದು, ಕರೆಂಟ್ ಕೂಡಿಡೋದು ಎರಡನ್ನೂ ಮಾಡೋ ಕಾರ್ಬನ್ ಪಟ್ಟಿ ಮಾಡಾಕತ್ತೀನಿ, ಮೂರನೇದೂ ಹಾಳಾತು. ಟೇಬಲ್ ಮ್ಯಾಲೆ 1 ವೋಲ್ಟಿಗೆ ಚಾರ್ಜ್ ಮಾಡಿಟ್ರ ಅರ್ಧ ತಾಸಾದ ಮ್ಯಾಲೂ 0.8 ಇರ್ತೈತಿ. ಯುಟಿಎಂನಾಗ (ಬಲ ಹಾಕಿ ಅಳೆಯೋ ಮಷಿನ್) ಮೂರು ಪಾಯಿಂಟ್ ಬೆಂಡಿಂಗಿಗೆ, ಅಂದ್ರ ಎರಡು ರೋಲರ್ ಮ್ಯಾಲಿಟ್ಟು ನಡುವ ಒತ್ತಾಕ ಇಟ್ಟು 15 ನ್ಯೂಟನ್ ದಾಟಿದ್ರ ಒಂದೆರಡು ಸೆಕೆಂಡಿನಾಗ ಸೊನ್ನೆ. ಬಿರುಕಿಲ್ಲ, ಸಪ್ಪಳಿಲ್ಲ. ಕಾರ್ಬನ್ ಎರಡು ಪದರ, ನಡುವ ಕರೆಂಟ್ ತಡೆಯೋ ಗ್ಲಾಸ್ ಬಟ್ಟಿ, ಮತ್ತ ಕಾರ್ಬನ್ ಎರಡು. ಎಪಾಕ್ಸಿ ಅಂಟಿನೊಳಗ ಅಯಾನಿಕ್ ಲಿಕ್ವಿಡ್ (ದ್ರವರೂಪದ ಲವಣ) ಶೇ. 40. ತಲಿ ಕೆಟ್ಟೈತಿ.

ಬಳ್ಳಾರಿ_ಫೈಬರ್:
ಧೂಳು. ಗಿಣಿಗೇರಾ ಕಡೆಯ ಕಾರ್ಖಾನೆಗಳ ಸ್ಪಾಂಜ್ ಐರನ್ (ಕಬ್ಬಿಣದ) ಧೂಳು ಕರೆಂಟ್ ಹರಿಸುತ್ತೆ. ಪದರ ಜೋಡಿಸುವಾಗ ಗ್ಲಾಸ್ ಮೇಲೆ ಒಂದು ಕಣ ಕೂತರೆ ಸಾಕು, ಒತ್ತಿದಾಗ ಎರಡೂ ಕಡೆ ಕಾರ್ಬನ್ನಿಗೆ ತಾಗುತ್ತೆ. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಬಲ್ ಮೇಲೆ ಎಳೆದು ನೋಡಿ.

ರಾಯಚೂರು_ಬೆಂಚ್:
ದಪ್ಪ, ಅಗಲ, ಸ್ಪ್ಯಾನ್ (ಕೆಳಗಿನ ಎರಡು ರೋಲರ್ ನಡುವಿನ ಅಂತರ), ಗ್ಲಾಸ್ ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ), ಯಾವುದೂ ಬರೆದಿಲ್ಲ ನೀವು.

ಕೊಪ್ಪಳ_ಲ್ಯಾಮಿನೇಟ್:
ದಪ್ಪ 1.1 ಮಿಮೀ, ಅಗಲ 13, ಉದ್ದ 60, ಸ್ಪ್ಯಾನ್ 18. ಗ್ಲಾಸ್ 100 ಜಿಎಸ್‌ಎಂ, ಎರಡು ಪದರ. ಅಯಸ್ಕಾಂತಕ್ಕ ಕರಿ ಪುಡಿ ಹತ್ತೈತ್ರಿ.

ಬಳ್ಳಾರಿ_ಫೈಬರ್:
ನೋಡಿದ್ರಾ! ಕಿಟಕಿ ಮುಚ್ಚಿ, ಒದ್ದೆ ಬಟ್ಟೆಯಲ್ಲಿ ಟೇಬಲ್ ಒರೆಸಿ, ಹೊಸ ಪಟ್ಟಿ ಮಾಡಿ.

ರಾಯಚೂರು_ಬೆಂಚ್:
ಪುಡಿ ಸಿಕ್ಕದ ಅಂದ್ರ ಕಾರಣ ಸಿಕ್ತು ಅಂತ ಅಲ್ಲ. ಮೊದಲು ಈ ಪಟ್ಟಿನ ಎರಡು ಒಣ ಕಟ್ಟಿಗಿ ತುಂಡಿನ ನಡುವ ಇಟ್ಟು ಸಿ-ಕ್ಲ್ಯಾಂಪ್ ಬಿಗೀರಿ. ಒಳಗ ಕಣ ಇದ್ರ ಅಲ್ಲೂ ವೋಲ್ಟೇಜ್ ಬೀಳಬೇಕು. ಇನ್ನೊಂದು, ಸ್ಪ್ಯಾನ್ 18 ಅಂದ್ರ ದಪ್ಪದ 16 ಪಟ್ಟು. ಅಯಾನಿಕ್ ಲಿಕ್ವಿಡ್ ಬೆರೆತ ಎಪಾಕ್ಸಿ ಮೆತ್ತಗ, ಶಿಯರ್ ಬಾಗುವಿಕೆ (ಪದರ ಒಂದರ ಮ್ಯಾಲೊಂದು ಸರಿಯೋದು) ಸೇರಿ ಮಾಡ್ಯುಲಸ್ (ಪಟ್ಟಿ ಎಷ್ಟು ಬಿರುಸು ಅನ್ನೋ ಅಳತಿ) ಕಡಿಮಿ ಬರ್ತದ. 32 ಪಟ್ಟು ಮಾಡ್ರಿ, 35 ಮಿಮೀ.

ಬಳ್ಳಾರಿ_ಫೈಬರ್:
ಬಾಗಿಸುವ ಪರೀಕ್ಷೆಯ ಮಾನದಂಡ ಎಎಸ್‌ಟಿಎಂ ಡಿ790ರಲ್ಲಿ 16 ಪಟ್ಟೇ ಇದೆ.

ರಾಯಚೂರು_ಬೆಂಚ್:
ಡಿ7264 ನೋಡ್ರಿ, ಕಾರ್ಬನ್ ಲ್ಯಾಮಿನೇಟಿಗೆ ಅದೇ ಸರಿ. ಅಲ್ಲಿ 32.

ಕೊಪ್ಪಳ_ಲ್ಯಾಮಿನೇಟ್:
ಕ್ಲ್ಯಾಂಪ್ ಪೂರಾ ಬಿಗಿದೆ, ವೋಲ್ಟೇಜ್ ಬೀಳಲಿಲ್ಲ! ಯುಟಿಎಂನಾಗ ಮಾತ್ರ ಬೀಳ್ತೈತಿ.

ರಾಯಚೂರು_ಬೆಂಚ್:
ರೋಲರ್ ಮ್ಯಾಲ ಏನು ಹಾಕೀರಿ?

ಕೊಪ್ಪಳ_ಲ್ಯಾಮಿನೇಟ್:
ಏನಿಲ್ಲ, ಮಷಿನ್ ಜೊತಿ ಬಂದ ಉಕ್ಕಿನ ರೋಲರ್.

ರಾಯಚೂರು_ಬೆಂಚ್:
ಅಲ್ಲೇ ಅದ. ನಿಮ್ಮ ಪಟ್ಟಿ ಮೇಲ್ಮೈನೇ ಎಲೆಕ್ಟ್ರೋಡು. ಮ್ಯಾಲಿನ ಕಾರ್ಬನ್ ಪದರ ಮ್ಯಾಲಿಂದ ಒತ್ತೋ ರೋಲರಿಗೆ, ಅಂದ್ರ ಮಷಿನ್ ಮೂತಿಗೆ ತಾಗ್ತದ, ಕೆಳಗಿಂದು ಆಧಾರದ ರೋಲರಿಗೆ. ಎರಡೂ ಮಷಿನ್ ಫ್ರೇಮಿನಾಗ ಒಂದಾಗ್ತಾವ. 15 ನ್ಯೂಟನ್ ತನಕ ಮ್ಯಾಲಿನ ತೆಳು ಎಪಾಕ್ಸಿ ಪೊರೆ ಕಾಯ್ತದ, ಆಮ್ಯಾಲ ರೋಲರ್ ಅದನ್ನ ಒತ್ತಿ ನಾರಿಗೆ ಮುಟ್ತದ. ಪಟ್ಟಿ ತೆಗೆದು ಮೂತಿಗೂ ರೋಲರಿಗೂ ಮಲ್ಟಿಮೀಟರ್ ಇಡ್ರಿ, ಬೀಪ್ ಬರ್ತದ.

ಮೂತಿಗೂ ಎರಡು ರೋಲರಿಗೂ ಕ್ಯಾಪ್ಟಾನ್ ಟೇಪ್ (ಕರೆಂಟ್ ತಡೆಯೋ ಪ್ಲಾಸ್ಟಿಕ್ ಟೇಪ್) ಎರಡೆರಡು ಸುತ್ತು ಹಾಕ್ರಿ. ಟೇಪ್ ತಾನೂ ಅದುಮ್ತದ, ಹಂಗಾಗಿ ಬಾಗುವಿಕೆ ಕ್ರಾಸ್‌ಹೆಡ್ಡಿಂದ (ಮೂತಿ ಇಳಿಸೋ ಮಷಿನ್ ಭಾಗ) ತಗೋಬ್ಯಾಡ್ರಿ, ಪಟ್ಟಿ ನಡುವ ಕೆಳಗ ಸರಿದದ್ದನ್ನ ಅಳೆಯೋ ಡಯಲ್ ಗೇಜ್ ಇಡ್ರಿ. ಪಟ್ಟಿಗೆ ತಾಗೋ ಗೇಜಿನ ಕಡ್ಡಿ ತುದಿಗೂ ಟೇಪ್ ಬೇಕು, ಅದೂ ಉಕ್ಕೇ. ಪಟ್ಟಿ ಅಂಚನ್ನ 400 ನಂಬರ್ ಉಪ್ಪುಕಾಗದದಾಗ ನೀರು ಹಾಕದೇ ಉಜ್ಜಿ ಎದ್ದ ನಾರು ತೆಗೀರಿ. ಮುಖಕ್ಕ ಮಾಸ್ಕ್, ಕೈಗೆ ಗ್ಲೌಸ್ ಬೇಕೇ ಬೇಕು.


 

ಕೊಪ್ಪಳ_ಲ್ಯಾಮಿನೇಟ್:
ಬೀಪ್ ಬಂತು! ಟೇಪ್ ಸುತ್ತಿ, ಸ್ಪ್ಯಾನ್ 35 ಮಾಡಿ 40 ನ್ಯೂಟನ್ ಹಾಕಿದೆ. ಹತ್ತು ನಿಮಿಷದ ಮ್ಯಾಲೆ 0.91 ವೋಲ್ಟ್. ಆದ್ರ ಸೀರೀಸ್ ರೆಸಿಸ್ಟನ್ಸ್ (ಕರೆಂಟ್ ಹಾದಿಯ ಒಟ್ಟು ತಡಿ) 18 ಓಮ್ ಇದ್ದದ್ದು ಲೋಡಿನಾಗ 31 ಆಗ್ತೈತಿ, ಇಳಿಸಿದ್ರ ಮತ್ತ 19.

ರಾಯಚೂರು_ಬೆಂಚ್:
ವೈರ್ ಜೋಡಿಸೋ ತಾಮ್ರದ ಟೇಪ್ ಎಲ್ಲಿ ಅಂಟಿಸೀರಿ? ಸ್ಪ್ಯಾನ್ ಒಳಗಿದ್ರ ಪಟ್ಟಿ ಬಾಗಿದಾಗ ಅಂಟು ಬಿಡ್ತದ. ರೋಲರ್ ಆಚಿ ತುದಿಗೆ ಒಯ್ದು, ಟೇಪ್ ಕೆಳಗ ಬೆಳ್ಳಿ ಪೇಸ್ಟ್ ಹಚ್ಚಿ, ನಾಲ್ಕು ವೈರಿನಾಗ (ಕರೆಂಟಿಗೆ ಎರಡು, ವೋಲ್ಟೇಜಿಗೆ ಎರಡು) ಅಳೀರಿ. ಆಗಲೂ ಏರಿದ್ರ ಮಾತ್ರ ಪಟ್ಟಿ ಒಳಗಿನ ದೋಷ ಅನ್ನಬಹುದು.

ಬಳ್ಳಾರಿ_ಫೈಬರ್:
ಹೊಸ ಪಟ್ಟಿ ಮಾಡುವಾಗ ಟೇಬಲ್ ಒರೆಸೋದು ಬಿಡಬೇಡಿ.

ಕೊಪ್ಪಳ_ಲ್ಯಾಮಿನೇಟ್:
ಟೇಪ್ ಸ್ಪ್ಯಾನ್ ಒಳಗೇ ಐತ್ರಿ, ರೋಲರಿಂದ 4 ಮಿಮೀ. ಪೇಸ್ಟ್ ಒಣಗಿಸಾಕ 60 ಡಿಗ್ರಿ ಒಲಿಯಾಗ ಇಟ್ರ ಈ ಎಪಾಕ್ಸಿ ತಡೀತೈತೇನ್ರಿ?