ಎನ್‌ಜಿಸಿ 1068ರಿಂದ ಬಂದ ಆ 79 ನ್ಯೂಟ್ರಿನೊಗಳು ಯಾವುವು?

ಇರುಳುನೋಟ:

ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ನಾನು ಪದವಿ ತರಗತಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ, ಕಣಭೌತಶಾಸ್ತ್ರ ನನ್ನ ಕ್ಷೇತ್ರವಲ್ಲ. ದಕ್ಷಿಣ ಧ್ರುವದ ಹಿಮದಡಿ ನ್ಯೂಟ್ರಿನೊ (ವಸ್ತುವಿಗೆ ತೀರಾ ಅಪರೂಪಕ್ಕೆ ಬಡಿಯುವ, ವಿದ್ಯುದಂಶವಿಲ್ಲದ ಕಣ) ಹುಡುಕುವ ಐಸ್‌ಕ್ಯೂಬ್ ತಂಡ 2008ರಿಂದ 2018ರವರೆಗಿನ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದೆ ಎಂದು ತಿಳಿದು ಇಳಿಸಿಕೊಂಡೆ. ಒಟ್ಟು 11,34,450 ಸಾಲು. ಒಂದೊಂದು ಸಾಲೂ ಒಂದೊಂದು ಮ್ಯುವಾನ್ (ಎಲೆಕ್ಟ್ರಾನಿನಂಥ, ಅದಕ್ಕಿಂತ ಭಾರದ ಕಣ): ಬಂದ ಹೊತ್ತು, ಅಂದಾಜು ಶಕ್ತಿ, ಬಂದ ದಿಕ್ಕು, ಆ ದಿಕ್ಕು ಎಷ್ಟು ತಪ್ಪಿರಬಹುದು ಎಂಬ ಅಂಕಿ.

ಎನ್‌ಜಿಸಿ 1068 ಗ್ಯಾಲಕ್ಸಿಯಿಂದ 79 ನ್ಯೂಟ್ರಿನೊ ಬಂದಿವೆ ಎಂದು 2022ರ ನವೆಂಬರಿನಲ್ಲಿ ಪ್ರಕಟವಾಯಿತಲ್ಲ, ಅವನ್ನು ವಿದ್ಯಾರ್ಥಿಗಳಿಗೆ ಚಿತ್ರ ಬರೆದು ತೋರಿಸೋಣ ಅಂದುಕೊಂಡೆ. ಗ್ಯಾಲಕ್ಸಿಯ ಸುತ್ತ ಒಂದು ಡಿಗ್ರಿ ತ್ರಿಜ್ಯದ ವೃತ್ತ ಎಳೆದರೆ ಒಳಗೆಲ್ಲ ಚುಕ್ಕೆಗಳ ರಾಶಿ. ನಡುವಿಗೆ ಹತ್ತಿರವಿರುವ 79 ಚುಕ್ಕೆಗಳಿಗೆ ಕೆಂಪು ಹಚ್ಚಿದೆ. ಆಮೇಲೆ ಏನೋ ಅನುಮಾನ ಬಂದು, ಐದು ಡಿಗ್ರಿ ಪಕ್ಕಕ್ಕೆ ಸರಿದು ಅಂಥದ್ದೇ ಇನ್ನೊಂದು ವೃತ್ತ ಎಳೆದೆ. ಅಲ್ಲೂ ಹೆಚ್ಚುಕಡಿಮೆ ಇಂಥದ್ದೇ ರಾಶಿ!

ಲೆಕ್ಕ ಹಾಕಿದೆ. ಇಡೀ ಆಕಾಶ ಸುಮಾರು 41,253 ಚದರ ಡಿಗ್ರಿ. ಹಂಚಿದರೆ ಚದರ ಡಿಗ್ರಿಗೆ ಸರಾಸರಿ 27.5, ನನ್ನ ವೃತ್ತಕ್ಕೆ 86. ಏನೂ ಇಲ್ಲದ ಕಡೆಯೂ 86 ಚುಕ್ಕೆ ಬೀಳುವಾಗ, ಈ ಗ್ಯಾಲಕ್ಸಿಯಿಂದ 79 ಬಂದವು ಎನ್ನುವುದಕ್ಕೆ ಏನರ್ಥ? ಅವು ಯಾವುವು?

ಇನ್ನೊಂದು ಪ್ರಶ್ನೆ. 2017ರಲ್ಲಿ ಒಂದೇ ಒಂದು ನ್ಯೂಟ್ರಿನೊ ಹಿಡಿದು ಬ್ಲೇಜರ್ (ಕಪ್ಪುಕುಳಿಯ ಚಿಮ್ಮುಧಾರೆ ನಮ್ಮ ಕಡೆಗೇ ಮುಖ ಮಾಡಿದ ಗ್ಯಾಲಕ್ಸಿ) ಒಂದನ್ನು ಮೂಲ ಎಂದರು. ಒಂದು ಕಣದಿಂದ ಹಾಗೆ ಹೇಳಲು ಬರುತ್ತದೆಯೇ?

ಹಿಮದಡಿ:

ಮೊದಲು ಆ ಕೆಂಪು ಬಣ್ಣ ತೆಗೆದುಬಿಡಿ. ಆ 79 ಯಾವುವು ಎಂದು ಬೆರಳಿಟ್ಟು ತೋರಿಸುವವರು ಯಾರೂ ಇಲ್ಲ, ಆ ಪ್ರಬಂಧ ಬರೆದವರಿಂದಲೂ ಅದು ಆಗದು. ನಿಮಗೆ ಬಂದ ಅನುಮಾನ ಸರಿಯಾದದ್ದೇ. ಸಂಶೋಧನೆಗೆ ಸೇರಿದ ಮೊದಲ ವರ್ಷ ನಾನೂ ಇದೇ ಪ್ರಶ್ನೆ ಹೊತ್ತು ತಿರುಗಿದ್ದೆ. ಆಮೇಲೆ ನಾಲ್ಕು ವರ್ಷ ಇಂಥ ದತ್ತಾಂಶದ ಜೊತೆಗೇ ಕಳೆದವನು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಒಂದು ಸಾಲಿನ ಹಿಂದೆ ಏನಿದೆ ನೋಡಿ. ಹಿಮದಲ್ಲಿ 1,450ರಿಂದ 2,450 ಮೀಟರ್ ಆಳದವರೆಗೆ 86 ಕೇಬಲ್‌ಗಳು, ಅವುಗಳಿಗೆ ಪೋಣಿಸಿದ 5,160 ಬೆಳಕಿನ ಸಂವೇದಕಗಳು. ನ್ಯೂಟ್ರಿನೊ ಹಿಮದ ಅಥವಾ ಕೆಳಗಿನ ಬಂಡೆಯ ಪರಮಾಣುವಿಗೆ ಬಡಿದರೆ ಮ್ಯುವಾನ್ ಹುಟ್ಟಬಹುದು. ಅದು ಹಿಮದೊಳಗೆ ಬೆಳಕು ಸಾಗುವುದಕ್ಕಿಂತ ವೇಗವಾಗಿ ಸಾಗುತ್ತ ಚೆರೆಂಕೋವ್ ಎಂಬ ನೀಲಿ ಬೆಳಕು ಚೆಲ್ಲುತ್ತದೆ. ನಾವು ಪರದೆಯ ಮೇಲೆ ನೋಡುತ್ತಿದ್ದದ್ದು ಬಣ್ಣದ ಗುಳ್ಳೆಗಳ ಸಾಲು: ಬೆಳಕು ಮೊದಲು ಮುಟ್ಟಿದ ಸಂವೇದಕ ಕೆಂಪು, ಕೊನೆಗೆ ಮುಟ್ಟಿದ್ದು ನೀಲಿ, ಹೆಚ್ಚು ಬೆಳಕು ಕಂಡದ್ದು ದೊಡ್ಡ ಗುಳ್ಳೆ. ಆ ಗುಳ್ಳೆಗಳ ನಡುವೆ ಒಂದು ಗೆರೆ ಎಳೆಯಬೇಕು, ಅದೇ ದಿಕ್ಕು. ಸುಮಾರು 2,000 ಮೀಟರ್ ಆಳದಲ್ಲಿ ಧೂಳು ತುಂಬಿದ ಒಂದು ಪದರವಿದೆ, ಅಲ್ಲಿ ಗುಳ್ಳೆಗಳು ಮೂಡುವುದೇ ಕಡಿಮೆ, ಸಾಲಿನ ನಡುವೆ ಹೆಚ್ಚುಕಡಿಮೆ ಖಾಲಿ. ಗೆರೆ ಎಷ್ಟು ಚೆನ್ನಾಗಿ ಕೂತಿದೆ ಎಂಬುದೇ ನಿಮ್ಮ ಕಡತದಲ್ಲಿರುವ ತಪ್ಪಿನ ಅಂಕಿ. ಅದನ್ನು ನೀವು ಬಳಸಿಲ್ಲ. ನಿಮ್ಮ ಚಿತ್ರದಲ್ಲಿ ಎಲ್ಲ ಚುಕ್ಕೆಗಳೂ ಒಂದೇ ಗಾತ್ರದವು. ಅವು ಚುಕ್ಕೆಗಳಲ್ಲ, ಬೇರೆ ಬೇರೆ ಅಗಲದ ಮಸುಕು ಮಚ್ಚೆಗಳು.

ಹಿನ್ನೆಲೆ ಯಾಕೆ ಅಷ್ಟು ದಟ್ಟ? ಬಾಹ್ಯಾಕಾಶದಿಂದ ಬರುವ ವೇಗದ ಕಣಗಳು, ಅಂದರೆ ವಿಶ್ವಕಿರಣಗಳು, ನಮ್ಮದೇ ವಾತಾವರಣಕ್ಕೆ ಬಡಿದು ಹುಟ್ಟಿಸುವ ಮ್ಯುವಾನ್‌ಗಳು ಸೆಕೆಂಡಿಗೆ ಸಾವಿರಗಟ್ಟಲೆ ಮೇಲಿಂದ ಸುರಿಯುತ್ತವೆ. ಅವನ್ನು ತಡೆಯಲು ಭೂಮಿಯನ್ನೇ ಜರಡಿ ಮಾಡಿಕೊಂಡು, ಇಂಥ ಹುಡುಕಾಟಕ್ಕೆ ಉತ್ತರದ ಕಡೆಯಿಂದ ಭೂಮಿಯನ್ನು ದಾಟಿ ಬಂದದ್ದನ್ನೇ ಹೆಚ್ಚಾಗಿ ಬಳಸುತ್ತೇವೆ. ಆದರೆ ಆ ಬದಿಯ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳೂ ಅದೇ ದಾರಿಯಲ್ಲಿ ಬರುತ್ತವೆ. ಅದು ವಾತಾವರಣದ್ದೋ ದೂರದ ಗ್ಯಾಲಕ್ಸಿಯದ್ದೋ ಎಂದು ಒಂದೊಂದನ್ನೇ ಹಿಡಿದು ಕೇಳಲು ಆಗುವುದಿಲ್ಲ. ಈ ಗ್ಯಾಲಕ್ಸಿಯ ಸುತ್ತ ನಿಮಗೆ ಕಂಡ ರಾಶಿಯ ಮೂಲ ಅಲ್ಲಿದೆ.

ಹಾಗಾದರೆ 79? ಅದು ಎಣಿಕೆಯಲ್ಲ, ಅಂದಾಜು. ಈ ಜಾಗದ ಘಟನೆಗಳೆಲ್ಲ ಎರಡು ರಾಶಿಗಳ ಮಿಶ್ರಣ ಎಂದಿಟ್ಟುಕೊಳ್ಳಿ: ಒಂದು ಎಲ್ಲೆಡೆ ಹರಡಿರುವ ಹಿನ್ನೆಲೆ, ಇನ್ನೊಂದು ಈ ಗ್ಯಾಲಕ್ಸಿಯದ್ದು. ಎರಡನೆಯ ರಾಶಿಯಲ್ಲಿ ಎಷ್ಟಿದ್ದರೆ ಕಂಡದ್ದಕ್ಕೆ ಅತಿ ಚೆನ್ನಾಗಿ ಹೊಂದುತ್ತದೆ ಎಂದು ಹುಡುಕಿದಾಗ ಬಂದ ಉತ್ತರ 79, ಮೇಲಕ್ಕೆ 22, ಕೆಳಕ್ಕೆ 20ರಷ್ಟು ಸಂದೇಹದೊಂದಿಗೆ. ನಡುವಿಗೆ ಹತ್ತಿರವಿದ್ದು, ದಿಕ್ಕು ಖಚಿತವಾಗಿದ್ದು, ಶಕ್ತಿಯೂ ಹೊಂದುವ ಘಟನೆಗೆ ಹೆಚ್ಚು ತೂಕ, ಅಂಚಿನ ಮಸುಕು ಘಟನೆಗೆ ಕಡಿಮೆ. ಎಲ್ಲವೂ ಸ್ವಲ್ಪ ಸ್ವಲ್ಪ ಪಾಲು ಕೊಡುತ್ತವೆ.

ಇನ್ನೊಂದು ಮಾತು: ನಿಮ್ಮ ಕಡತವೂ ಆ ಪ್ರಬಂಧದ ಕಡತವೂ ಒಂದೇ ಅಲ್ಲ. ಹತ್ತು ವರ್ಷದ ಹಳೆಯ ವಿಶ್ಲೇಷಣೆಯಲ್ಲಿ ಇದೇ ಗ್ಯಾಲಕ್ಸಿ 2.9 ಸಿಗ್ಮಾಗೆ ನಿಂತಿತ್ತು (ಸಿಗ್ಮಾ ಎಂದರೆ ಕಂಡದ್ದು ಆಕಸ್ಮಿಕವಲ್ಲ ಎನ್ನುವ ಬಲದ ಅಳತೆ, ಹೆಚ್ಚಿದಷ್ಟೂ ಗಟ್ಟಿ). ಆಮೇಲೆ 2011ರ ಮೇಯಿಂದ 2020ರ ಮೇವರೆಗಿನ ದತ್ತಾಂಶವನ್ನು ಮೊದಲಿಂದ ಸಂಸ್ಕರಿಸಿ, ದಿಕ್ಕಿನ ಲೆಕ್ಕವನ್ನು ಸುಧಾರಿಸಿದರು. ಆಗ ಇದೊಂದೇ ಸ್ಥಾನಕ್ಕೆ 5.2 ಸಿಗ್ಮಾ ಬಂತು. ಆದರೆ ಅವರು ನೋಡಿದ್ದು 110 ಮೂಲಗಳ ಪಟ್ಟಿಯನ್ನು. ಅಷ್ಟು ಕಡೆ ಹುಡುಕಿದರೆ ಎಲ್ಲೋ ಒಂದು ಕಡೆ ಆಕಸ್ಮಿಕವಾಗಿ ದಟ್ಟಣೆ ಕಾಣುವ ಸಾಧ್ಯತೆ ಇದ್ದೇ ಇದೆ. ಅದನ್ನು ಕಳೆದ ಮೇಲೆ ಉಳಿದದ್ದು 4.2. ಈ ಕಳೆಯುವಿಕೆಯನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ. 79ಕ್ಕಿಂತ ಇದು ಮುಖ್ಯ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಸರಾಸರಿಯಲ್ಲೂ ಒಂದು ತಪ್ಪಿದೆ. ಇಡೀ ಆಕಾಶದ ಸರಾಸರಿ ತೆಗೆಯಬಾರದು, ಘಟನೆಗಳ ದಟ್ಟಣೆ ಕ್ರಾಂತಿಯೊಂದಿಗೆ (ಆಕಾಶದ ಅಕ್ಷಾಂಶ) ಬದಲಾಗುತ್ತದೆ. ಅದೇ ಕ್ರಾಂತಿಯ ಪಟ್ಟಿಯಲ್ಲಿ ಸುತ್ತಲೂ ವೃತ್ತ ಎಳೆದು ಹೋಲಿಸಿ.

ಪಯಾನ್‌ಹಾದಿ:

ಬ್ಲೇಜರ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. 2017ರ ಸೆಪ್ಟೆಂಬರ್ 22ರಂದು ಸಿಕ್ಕ ಆ ನ್ಯೂಟ್ರಿನೊದ ಶಕ್ತಿ ಸುಮಾರು 290 ಟೆರಾ ಎಲೆಕ್ಟ್ರಾನ್‌ವೋಲ್ಟ್. 43 ಸೆಕೆಂಡಿನಲ್ಲಿ ಜಗತ್ತಿನ ದೂರದರ್ಶಕಗಳಿಗೆಲ್ಲ ಸೂಚನೆ ಹೋಯಿತು. ಆ ದಿಕ್ಕಿನಲ್ಲಿದ್ದ ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜರ್ ಆಗ ಗಾಮಾ ಕಿರಣಗಳಲ್ಲಿ ಜೋರಾಗಿ ಬೆಳಗುತ್ತಿದ್ದದ್ದನ್ನು ಫರ್ಮಿ ಉಪಗ್ರಹ ಕಂಡಿತು, ಮ್ಯಾಜಿಕ್ ದೂರದರ್ಶಕಗಳೂ ಕಂಡವು. ಇದೆಲ್ಲ ಕಾಕತಾಳೀಯವಲ್ಲ ಎನ್ನಲು ಇದ್ದ ಬಲ ಸುಮಾರು 3 ಸಿಗ್ಮಾ ಮಾತ್ರ. ಆ ಒಂದು ಕಣ ಬಾಹ್ಯಾಕಾಶದ್ದೇ ಆಗಿರುವ ಸಂಭವ 56 ಶೇಕಡದಷ್ಟು ಎಂದು ಪ್ರಬಂಧದಲ್ಲೇ ಇದೆ. ಉಳಿದ ಪಾಲು ವಾತಾವರಣದ್ದು. ನೀವು ಕೇಳಿದ್ದಕ್ಕೆ ನೇರ ಉತ್ತರ: ಒಂದೇ ಕಣದಿಂದ ಹೇಳಲು ಬರುವುದಿಲ್ಲ, ಅವರೂ ಹೇಳಲಿಲ್ಲ.

ಅದಕ್ಕೇ ಹಳೆಯ ದತ್ತಾಂಶ ತೆಗೆದು ಅದೇ ಸ್ಥಾನವನ್ನು ನೋಡಿದರು. 2014ರ ಸೆಪ್ಟೆಂಬರಿನಿಂದ 2015ರ ಮಾರ್ಚ್ ನಡುವೆ ಹಿನ್ನೆಲೆಗಿಂತ ಸುಮಾರು 13 ಹೆಚ್ಚು ಘಟನೆ, 3.5 ಸಿಗ್ಮಾ. ನನ್ನನ್ನು ಇವತ್ತಿಗೂ ಕಾಡುವ ವಿಷಯ ಬೇರೆ: ಆ ತಿಂಗಳುಗಳಲ್ಲಿ ಬ್ಲೇಜರ್ ಗಾಮಾ ಕಿರಣಗಳಲ್ಲಿ ತಣ್ಣಗಿತ್ತು. 2017ರಲ್ಲಿ ಗಾಮಾ ಜೋರು, ನ್ಯೂಟ್ರಿನೊ ಒಂದು. 2014ರಲ್ಲಿ ನ್ಯೂಟ್ರಿನೊ ಜೋರು, ಗಾಮಾ ಮಂಕು.

ಇದು ಯಾಕೆ ತೊಡಕು? ಪ್ರೋಟಾನ್ ಒಂದು ಬೆಳಕಿನ ಕಣಕ್ಕೋ ಇನ್ನೊಂದು ಪ್ರೋಟಾನಿಗೋ ಬಡಿದಾಗ ಪಯಾನ್ ಎಂಬ ಅಲ್ಪಾಯುಷಿ ಕಣಗಳು ಹುಟ್ಟುತ್ತವೆ. ವಿದ್ಯುದಂಶವುಳ್ಳ ಪಯಾನ್ ಒಡೆದರೆ ನ್ಯೂಟ್ರಿನೊ, ಇಲ್ಲದ್ದು ಒಡೆದರೆ ಎರಡು ಗಾಮಾ. ಒಂದೇ ಡಿಕ್ಕಿಯಲ್ಲಿ ಒಡಹುಟ್ಟಿದವು, ಜೊತೆಗೇ ಕಾಣಬೇಕು. ಕಾಣದಿದ್ದರೆ ಗಾಮಾ ದಾರಿಯಲ್ಲೇ ಎಲ್ಲೋ ಉಡುಗಿರಬೇಕು.

ಎನ್‌ಜಿಸಿ 1068 ಈ ಮಾತಿಗೆ ಇನ್ನೂ ದೊಡ್ಡ ಸಾಕ್ಷಿ. ಅದು ಬ್ಲೇಜರ್ ಅಲ್ಲ, 4.7 ಕೋಟಿ ಜ್ಯೋತಿರ್ವರ್ಷ ದೂರದ ಸೀಫರ್ಟ್ ಗ್ಯಾಲಕ್ಸಿ, ಅಂದರೆ ನಡುವಿನ ಕಪ್ಪುಕುಳಿ ಸುತ್ತಲಿನ ಅನಿಲ ನುಂಗುತ್ತ ಬೆಳಗುವಂಥದ್ದು. ನಮ್ಮ ಕಡೆಗೆ ಮುಖ ಮಾಡಿದ ಚಿಮ್ಮುಧಾರೆ ಅದಕ್ಕಿಲ್ಲ, ಕಪ್ಪುಕುಳಿಯ ಆಸುಪಾಸೆಲ್ಲ ಧೂಳಿನ ಮರೆ. ನ್ಯೂಟ್ರಿನೊ ಕಂಡ 1.5ರಿಂದ 15 ಟೆರಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಅದರಿಂದ ಗಾಮಾ ಕಿರಣ ಬರುವುದು ಕಂಡೇ ಇಲ್ಲ. ಕಪ್ಪುಕುಳಿಗೆ ಅಂಟಿಕೊಂಡಂತೆ ಕುದಿಯುವ ಅನಿಲದ ಕರೋನಾ ಇದೆ, ಅಲ್ಲಿ ಎಕ್ಸ್ ಕಿರಣಗಳ ದಟ್ಟಣೆ ಎಷ್ಟೆಂದರೆ ಹುಟ್ಟಿದ ಗಾಮಾ ಅವಕ್ಕೆ ಬಡಿದು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗಿ ಕರಗಿಹೋಗುತ್ತದೆ. ನ್ಯೂಟ್ರಿನೊ ಮಾತ್ರ ಯಾವ ತಡೆಯೂ ಇಲ್ಲದೆ ಹೊರಬೀಳುತ್ತದೆ. ಇದು ಇವತ್ತು ಹೆಚ್ಚು ಜನ ಒಪ್ಪುವ ವಿವರಣೆ, ನನಗೂ ಸರಿ ಅನಿಸುತ್ತದೆ. ಫರ್ಮಿ ಪಟ್ಟಿಯ ಬ್ಲೇಜರ್‌ಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2017ರ ಅಧ್ಯಯನದಲ್ಲೂ, ಕಾಣುವ ನ್ಯೂಟ್ರಿನೊ ಹರಿವಿನಲ್ಲಿ ಅವುಗಳ ಪಾಲು ಕಾಲು ಭಾಗದ ಆಸುಪಾಸಿಗಿಂತ ಮೇಲೆ ಹೋಗುವುದಿಲ್ಲ ಎಂದೇ ಬಂತು. ಮಿಕ್ಕದ್ದಕ್ಕೆ ಇಂಥ ಮರೆಯಲ್ಲಿರುವ ಗ್ಯಾಲಕ್ಸಿಗಳನ್ನೇ ಹುಡುಕಬೇಕು.

ಇರುಳುನೋಟ:

ಇಬ್ಬರಿಗೂ ತುಂಬಾ ಧನ್ಯವಾದ. ಕೆಂಪು ತೆಗೆದೆ. ಪ್ರತಿ ಘಟನೆಯನ್ನೂ ಅದರ ತಪ್ಪಿನ ಅಗಲದಷ್ಟು ಮಸುಕು ಮಚ್ಚೆಯಾಗಿ ಬರೆದೆ. ಚಿತ್ರವೇ ಬದಲಾಯಿತು! ಕೆಲವು ಸಣ್ಣ, ಗಾಢ ಮಚ್ಚೆ. ಕೆಲವು ವೃತ್ತವನ್ನೇ ನುಂಗುವಷ್ಟು ದೊಡ್ಡವು, ತೆಳ್ಳಗಿನವು.

ಒಂದು ಕೇಳಬೇಕು. ಈ ಗ್ಯಾಲಕ್ಸಿಯ ಕ್ರಾಂತಿ ಹೆಚ್ಚುಕಡಿಮೆ ಸೊನ್ನೆ. ಅಂದರೆ ಧ್ರುವದಲ್ಲಿ ನಿಂತವರಿಗೆ ಅದು ಸರಿಯಾಗಿ ಕ್ಷಿತಿಜದ ಮೇಲೆ. ಅಲ್ಲಿ ಭೂಮಿಯ ಜರಡಿ ಕೆಲಸ ಮಾಡುತ್ತದೆಯೇ?

ಹಿಮದಡಿ:

ಮಾಡುತ್ತದೆ. ಎರಡು ಕಿಲೋಮೀಟರ್ ಆಳದಲ್ಲಿ ಕೂತು ಅಡ್ಡಕ್ಕೆ ನೋಡಿದರೆ ಎದುರಿಗೆ ಸುಮಾರು 160 ಕಿಲೋಮೀಟರ್ ಹಿಮ, ಬಂಡೆ ಇರುತ್ತದೆ. ಪೈಥಾಗೊರಸ್ ಹಾಕಿ ನೀವೇ ನೋಡಿ, ವಿದ್ಯಾರ್ಥಿಗಳಿಗೂ ಒಳ್ಳೆಯ ಲೆಕ್ಕ. ವಾತಾವರಣದ ಮ್ಯುವಾನ್ ಅಷ್ಟು ದೂರ ಬದುಕಿ ಬರುವುದಿಲ್ಲ. ಅತಿ ಹೆಚ್ಚು ಶಕ್ತಿಯ ನ್ಯೂಟ್ರಿನೊವನ್ನು ಭೂಮಿಯ ನಡುಭಾಗ ನುಂಗಿಬಿಡುತ್ತದೆ, ಕ್ಷಿತಿಜದ ದಾರಿಯಲ್ಲಿ ಆ ತೊಂದರೆಯೂ ಇಲ್ಲ. ಐಸ್‌ಕ್ಯೂಬ್‌ನ ಕಣ್ಣು ಅತಿ ಚುರುಕಾಗಿರುವುದು ಆ ಪಟ್ಟಿಯಲ್ಲೇ.

ಧ್ರುವದಲ್ಲಿರುವುದರಿಂದ ಇನ್ನೊಂದು ಅನುಕೂಲ. ಅಲ್ಲಿ ಯಾವ ನಕ್ಷತ್ರವೂ ಮೂಡುವುದಿಲ್ಲ, ಮುಳುಗುವುದಿಲ್ಲ, ಒಂದೇ ಎತ್ತರದಲ್ಲಿ ಸುತ್ತುತ್ತಿರುತ್ತದೆ. ಒಂದೇ ಕ್ರಾಂತಿಯ ಜಾಗಗಳೆಲ್ಲ ಉಪಕರಣಕ್ಕೆ ಒಂದೇ ಕೋನದಲ್ಲಿ ಕಾಣುತ್ತವೆ. ಹಾಗಾಗಿ ಘಟನೆಗಳ ವಿಷುವಾಂಶವನ್ನು (ಆಕಾಶದ ರೇಖಾಂಶ) ಮನಬಂದಂತೆ ಕಲಸಿಬಿಟ್ಟರೆ ಮೂಲವೆಲ್ಲ ಅಳಿದು ಶುದ್ಧ ಹಿನ್ನೆಲೆ ಉಳಿಯುತ್ತದೆ. ಸಾವಿರ ಸಲ ಕಲಸಿ, ಪ್ರತಿ ಸಲವೂ ಅದೇ ಸ್ಥಾನದ ಮಚ್ಚೆಗಳ ತೂಕ ಕೂಡಿಸಿ, ನಿಜವಾದ ಆಕಾಶದ ತೂಕ ಆ ಸಾವಿರದಲ್ಲಿ ಎಲ್ಲಿ ಬೀಳುತ್ತದೆ ನೋಡಿ. ಮೊದಲ ಸಲ ನಾನಿದನ್ನು ಮಾಡಿದಾಗ ರಾತ್ರಿಯೆಲ್ಲ ಎದ್ದಿದ್ದೆ. ನ್ಯೂಟ್ರಿನೊ ಮೂಲಕ ಆವರೆಗೆ ಗುರುತಿಸಿದ್ದು ಸೂರ್ಯನನ್ನು, 1987ರ ಸೂಪರ್‌ನೋವಾವನ್ನು, ಅನುಮಾನದೊಂದಿಗೆ ಒಂದು ಬ್ಲೇಜರ್ ಅನ್ನು. ಆ ಪಟ್ಟಿಗೆ ಸೇರಬಹುದಾದ ಇನ್ನೊಂದು ನನ್ನ ಪರದೆಯ ಮೇಲಿತ್ತು.

ಕಲಸುವಾಗ ಒಂದು ಎಚ್ಚರ: ವಿಷುವಾಂಶವನ್ನು ಮಾತ್ರ ಬದಲಿಸಿ. ಕ್ರಾಂತಿ, ಶಕ್ತಿ, ತಪ್ಪಿನ ಅಂಕಿ ಈ ಮೂರೂ ಒಂದೇ ಸಾಲಿನಲ್ಲಿ ಜೊತೆಗೇ ಉಳಿಯಬೇಕು. ಅವು ಬೇರೆಯಾದರೆ ಬರುವ ಹಿನ್ನೆಲೆ ನಿಜವಾದದ್ದಾಗಿರುವುದಿಲ್ಲ.