ಹಿಟ್ಟು ಮತ್ತೆ ಅಕ್ಕಿ ಆಗಲ್ಲ, ಆದರೂ ಪುಟ್ಟಿ ಬರೆದದ್ದೇ ಸರಿ

ಅತ್ತಿಗೆ, ನೀವು ಹಾಕಿದ ನೋಟ್‌ಬುಕ್ ಫೋಟೋ ನೋಡಿದೆ. ಅಕ್ಕಿ ಬೀಸಿ ಹಿಟ್ಟು ಮಾಡುವುದು ಭೌತ ಬದಲಾವಣೆ ಅಂತ ಪುಟ್ಟಿ ಬರೆದಿದ್ದಾಳೆ. ಹಿಟ್ಟು ಮತ್ತೆ ಅಕ್ಕಿ ಆಗುವುದಿಲ್ಲ, ಅದಕ್ಕೇ ಅದು ರಾಸಾಯನಿಕ ಅಂತ ಮೇಡಂ ತಪ್ಪು ಹಾಕಿದ್ದಾರೆ. ಪುಟ್ಟಿ ಬರೆದದ್ದೇ ಸರಿ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮುಗಿದ ಮೇಲೆ ಆರಾಮಾಗಿ ಕೇಳಿಸಿಕೊಳ್ಳಿ.

ಈ 'ವಾಪಸ್ ಬಂದರೆ ಭೌತ, ಬರದಿದ್ದರೆ ರಾಸಾಯನಿಕ' ಅನ್ನೋ ಸೂತ್ರ ಇದೆಯಲ್ಲ, ಗೈಡ್‌ಗಳಲ್ಲೆಲ್ಲ ಇರುತ್ತದೆ, ಮಕ್ಕಳಿಗೆ ಬಾಯಿಪಾಠ ಮಾಡೋಕೆ ಸುಲಭ, ಪರೀಕ್ಷೆಯಲ್ಲಿ ಮಾರ್ಕ್ಸೂ ಬರುತ್ತದೆ, ಆದರೆ ಅಡುಗೆಮನೆಗೆ ಕಾಲಿಟ್ಟ ತಕ್ಷಣ ಕೈ ಕೊಡುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ವಸ್ತು ಹುಟ್ಟಿತಾ? ಹಿಟ್ಟಿನಲ್ಲಿರುವುದು ಅದೇ ಅಕ್ಕಿ, ಪುಡಿಯಾಗಿದೆ ಅಷ್ಟೇ. ಹಾಲು ಮೊಸರಾದಾಗ ಮಾತ್ರ ಲ್ಯಾಕ್ಟಿಕ್ ಆಮ್ಲ ಅನ್ನೋ ಹೊಸದು ಬಂದಿದೆ.

ಸೂತ್ರ ಉಲ್ಟಾ ಹೊಡೆಯೋದನ್ನೂ ಅವಳಿಗೆ ತೋರಿಸಿ. ಆರತಿ ನೀರು ಮಾಡ್ತೀವಲ್ಲ, ಹಾಗೆ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿಸಿ. ಕೆಂಪಾಗುತ್ತದೆ. ಸುಣ್ಣ ಕ್ಷಾರ, ಅರಿಸಿನದ ಬಣ್ಣದ ಅಂಶ ಅದರ ಜೊತೆ ವರ್ತಿಸಿ ಬೇರೆ ರೂಪಕ್ಕೆ ಹೋಗಿದೆ, ಅಂದರೆ ರಾಸಾಯನಿಕ ಬದಲಾವಣೆ. ಈಗ ಅದಕ್ಕೇ ನಿಂಬೆರಸ ಹಿಂಡುತ್ತಾ ಹೋಗಲಿ, ಮತ್ತೆ ಹಳದಿ! ರಾಸಾಯನಿಕ ಬದಲಾವಣೆ ಆಗಿಯೂ ಬಣ್ಣ ವಾಪಸ್ ಬಂತು, ಅಲ್ವಾ?

ಸುಣ್ಣದ ಕಥೆ ಇನ್ನೂ ಚೆನ್ನಾಗಿದೆ. ನಮ್ಮ ಕರಾವಳಿ ಕಡೆ ಚಿಪ್ಪು ಸುಡುತ್ತಿದ್ದರಲ್ಲ, ಆ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಜೋರು ಬೆಂಕಿಯಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಸುಟ್ಟ ಸುಣ್ಣ ಆಗುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ, ಒಲೆಯೇ ಬೇಡ. ಆ ಸುಣ್ಣವನ್ನು ಗೋಡೆಗೆ ಬಳಿದರೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಎಳೆದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಮೂರೂ ರಾಸಾಯನಿಕ ಬದಲಾವಣೆಗಳೇ, ಕೊನೆಗೆ ಸಿಕ್ಕಿದ್ದು ಮಾತ್ರ ಚಿಪ್ಪಿನಲ್ಲಿದ್ದ ವಸ್ತುವೇ!

ಗುಳ್ಳೆ ಬಂದರೆ ರಾಸಾಯನಿಕ ಅಂತಲೂ ಹೇಳಿಕೊಡುತ್ತಾರೆ. ಕುದಿಯುವ ನೀರಿನ ಗುಳ್ಳೆಯಲ್ಲಿ ಇರುವುದು ಬರೀ ಆವಿ. ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿದಾಗ ಬರುವುದು ಕಾರ್ಬನ್ ಡೈಆಕ್ಸೈಡ್. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು.

ಕರ್ಪೂರವನ್ನಂತೂ ಮರೆಯಬೇಡಿ. ಡಬ್ಬಿಯಲ್ಲಿ ಇಟ್ಟಲ್ಲೇ ಸವೆಯುತ್ತದಲ್ಲ (ಅದಕ್ಕೇ ಅತ್ತೆ ನಾಲ್ಕು ಮೆಣಸಿನ ಕಾಳು ಹಾಕಿಡೋದು, ಉಪಯೋಗ ಎಷ್ಟೋ ದೇವರೇ ಬಲ್ಲ), ಅದು ಭೌತ ಬದಲಾವಣೆ. ಘನ ನೇರವಾಗಿ ಆವಿಯಾಗುತ್ತದೆ, ಕರ್ಪೂರ ಕರ್ಪೂರವಾಗಿಯೇ ಇರುತ್ತದೆ, ಡಬ್ಬಿ ತೆಗೆದರೆ ವಾಸನೆಯೇ ಹೇಳುತ್ತದೆ. ಮಂಗಳಾರತಿಗೆ ಹಚ್ಚಿದರೆ ರಾಸಾಯನಿಕ. ವಸ್ತು ಒಂದೇ, ಬದಲಾವಣೆ ಎರಡು.

ಮೇಡಂ ಹತ್ತಿರ ಜಗಳಕ್ಕೆ ಹೋಗಬೇಡಿ, ಒಂದೊಂದು ತರಗತಿಯಲ್ಲಿ ಅಷ್ಟೊಂದು ಮಕ್ಕಳನ್ನು ಇಟ್ಟುಕೊಂಡು ಅವರಿಗೂ ಸಾಕಾಗಿರುತ್ತದೆ. 'ಹಿಟ್ಟಿನಲ್ಲಿ ಯಾವ ಹೊಸ ವಸ್ತು ಬಂತು ಮೇಡಂ?' ಅಂತ ಪುಟ್ಟಿಯೇ ಮೆಲ್ಲಗೆ ಕೇಳಲಿ. ಅರಿಸಿನ, ಸುಣ್ಣದ ಪ್ರಯೋಗ ಮಾಡುವಾಗ ಮಾತ್ರ ನೀವು ಪಕ್ಕದಲ್ಲೇ ಇರಿ. ಎಲೆ ಅಡಿಕೆಯ ಡಬ್ಬಿಯಲ್ಲಿರುವ ಸುಣ್ಣವೇ ಸಾಕು, ಸುಟ್ಟ ಸುಣ್ಣ ಬೇಡವೇ ಬೇಡ. ಕೈ ತೊಳೆಯದೆ ಕಣ್ಣು ಉಜ್ಜಿಕೊಳ್ಳೋದು ಅವಳ ಅಭ್ಯಾಸ, ನೋಡಿಕೊಳ್ಳಿ.